ಬಚ್ಚಲಮನೆಯ ಮೇಲಿನ ಗೂಡು

ನಿಟ್ಟುವಳ್ಳಿಯ ಕಸ್ತೂರಮ್ಮನ ಕಣ್ಣು ಮಂಜಾಗುತ್ತಾ ಬಂದದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಮೊಮ್ಮಗಳು ಕೃತಿಕಾಳನ್ನು ತಮ್ಮ ಕೈಗೆ ಕೊಡಲಿಕ್ಕಿಲ್ಲ ಎಂಬ ಅಂಜಿಕೆ ಅವರದು. ಹರಿಹರದ ಪಕ್ಕದ ಸಾರಥಿ ಎಂಬ ಊರಿನಲ್ಲಿ ಅವರ ಅಕ್ಕನಿಗೆ ಹಾಗೇ ಆಗಿತ್ತು. ದೃಷ್ಟಿ ಕಡಿಮೆಯಾಗಿದೆ ಎಂದು ತಿಳಿದ ಮೇಲೆ ಆಕೆಯನ್ನು ಒಲೆಯ ಹತ್ತಿರವೂ ಬಿಡಲಿಲ್ಲ, ತೊಟ್ಟಿಲ ಹತ್ತಿರವೂ ಬಿಡಲಿಲ್ಲ.

ಆದ್ದರಿಂದ ಕಸ್ತೂರಮ್ಮ ಕಣ್ಣಿನ ಕೆಲಸವನ್ನೆಲ್ಲ ಕೈಗೆ ಒಪ್ಪಿಸಿದ್ದರು. ಬಚ್ಚಲಮನೆಯ ಮೇಲಿನ ಗೂಡಿನಲ್ಲಿ ವಿಭೂತಿ, ಅದರ ಕೆಳಗೆ ಸೀಗೆಪುಡಿ, ಮೂಲೆಯಲ್ಲಿ ಎಣ್ಣೆ. ದಿನಾ ಬೆಳಿಗ್ಗೆ ಮಗುವಿಗೆ ನೀರೆರೆದು, ಒರೆಸಿ, ಮೂರು ಬೆರಳಿನಿಂದ ಹಣೆಗೆ ವಿಭೂತಿ ಎಳೆದರೇ ಅವರಿಗೆ ಬೆಳಗಾದಂತೆ.

ಸೊಸೆ ರೂಪಶ್ರೀಗೆ ಆ ಬಚ್ಚಲಮನೆ ಕಂಡರೆ ಆಗುತ್ತಿರಲಿಲ್ಲ. ಕೂದಲು ಅಂಟಿದ ಸೋಪು, ತುಕ್ಕು ಹಿಡಿದ ಬ್ಲೇಡು, ಖಾಲಿ ಶಾಂಪೂ ಪೊಟ್ಟಣಗಳು. ಒಂದು ಭಾನುವಾರ ಸ್ಟ್ಯಾಂಡು, ಒಂದೇ ಥರದ ಡಬ್ಬಿಗಳನ್ನು ತಂದು ಎಲ್ಲ ಜೋಡಿಸಿ, ಅತ್ತೆಯನ್ನು ಕರೆದು ತೋರಿಸಿದಳು. ಕಸ್ತೂರಮ್ಮ ಕಂಡವರಂತೆ ತಲೆಯಾಡಿಸಿದರು. ಬಚ್ಚಲಲ್ಲಿ ದೇವರ ಸಾಮಾನು ಸರಿಯಲ್ಲವೆಂದು ವಿಭೂತಿಯನ್ನು ದೇವರ ಜಗಲಿಗೆ ಒಯ್ದದ್ದನ್ನೂ, ಮಗುವಿಗೆ ಎಟುಕದಿರಲೆಂದು ಜಿರಳೆ ಕೊಲ್ಲುವ ಸೀಮೆಸುಣ್ಣದ ತುಂಡನ್ನು ಮೇಲಿನ ಗೂಡಿನಲ್ಲಿಟ್ಟದ್ದನ್ನೂ ಹೇಳಲು ಮಾತ್ರ ಮರೆತಳು.

ಮರುದಿನ ಬೆಳಿಗ್ಗೆ ಅಜ್ಜಿ ಹಣೆಗೆ ಮೂರು ಬೆರಳು ಎಳೆದದ್ದೇ ಕೃತಿಕಾ ಮೂಗು ಸಿಂಡರಿಸಿ, ವಾಸನೆ ಬರುತ್ತದೆ ಎಂದು ಅತ್ತಳು. ರೂಪಶ್ರೀ ಬಂದು ನೋಡಿದರೆ ಹಣೆಯ ಮೇಲಿದ್ದದ್ದು ಜಿರಳೆ ಸೀಮೆಸುಣ್ಣ. ಮಗುವನ್ನು ಕಸಿದುಕೊಂಡು ಹಣೆಯನ್ನು ತಿಕ್ಕಿ ತಿಕ್ಕಿ ತೊಳೆದಳು. ಮಗ ನಾಗಭೂಷಣ್ ಬೈಕಿನಲ್ಲಿ ಡಾಕ್ಟರ ಹತ್ತಿರ ಒಯ್ದು ತೋರಿಸಿಕೊಂಡು ಬಂದ. ಮಗುವಿಗೆ ಏನೂ ಆಗಿರಲಿಲ್ಲ. ಆದರೂ ಬಂದವನೇ ಹೆಂಡತಿಯ ಮೇಲೆ ಹರಿಹಾಯ್ದ.

"ವಿಭೂತಿ ಇಡೋ ಜಾಗ್ದಾಗೆ ವಿಷ ಇಡ್ತಾರೇನು? ಭಾಳ ಚೆಂದ ಜೋಡ್ಸಿದಿ ಬಿಡು."

ರೂಪಶ್ರೀ ತಪ್ಪು ತನ್ನದೇ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕಸ್ತೂರಮ್ಮ ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಳೆ ಮತ್ತೆ ಮೊಮ್ಮಗಳಿಗೆ ನೀರೆರೆಯಬಹುದಿತ್ತು. ಆದರೆ ನಾಳೆ ಈ ಕೈಗೆ ಯಾವ ಡಬ್ಬಿ ಸಿಗುತ್ತದೋ? ಅವರು ಬಾಗಿಲು ಹಿಡಿದು ಮಗನ ಮುಂದೆ ಬಂದರು.

"ಅವ್ಳಿಗೆ ಬಯ್ಬ್ಯಾಡಪ್ಪ," ಎಂದರು. "ಕಣ್ಣಿದ್ದೋರಿಗೆ ಅದು ವಿಭೂತಿ ಅಲ್ಲ ಅಂತ ಗೊತ್ತಾಗ್ತಿತ್ತು. ನನಗೆ ಸರಿಯಾಗಿ ಕಾಣಲ್ಲ. ಭಾಳ ದಿನ ಆತು."

ನಾಗಭೂಷಣ್ ಕಣ್ಣಾಸ್ಪತ್ರೆಗೆ ಹೋಗೋಣ ಎಂದ. ರೂಪಶ್ರೀ ಅತ್ತೆಯ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಇಬ್ಬರ ದನಿಯೂ ಮೆತ್ತಗಾಗಿತ್ತು. ಆ ಮೆತ್ತನೆಯ ದನಿಗೇ ಕಸ್ತೂರಮ್ಮ ಇಷ್ಟು ದಿನ ಹೆದರಿದ್ದು.

ಮಾರನೆಯ ಬೆಳಿಗ್ಗೆ ಬಚ್ಚಲಿನಿಂದ ಕೃತಿಕಾಳ ಹಟ ಕೇಳಿಸಿತು. ಅಮ್ಮ ಬೇಡವಂತೆ, ಅಜ್ಜಿಯೇ ಎರೆಯಬೇಕಂತೆ. ಕಸ್ತೂರಮ್ಮ ಗೋಡೆ ಹಿಡಿದು ಎದ್ದರು.

"ನೀನು ಕೂತ್ಕಳವ್ವ," ಎಂದ ಮಗ.

ಅವರು ಕೂತರು.