ಮೇಯರ್‌ಗೆ ಬೇಕಾದ ಸಾಕ್ಷಿ

ಅದು ಜರ್ಸಿ ಸಿಟಿಯ ಬಸ್ ನಿಲ್ದಾಣವೋ ನ್ಯೂವಾರ್ಕಿನದೋ, ಈಗ ಖಚಿತವಾಗಿ ಹೇಳಲಾರೆ. ಪಕ್ಕದಲ್ಲಿ ಕೂತಿದ್ದ ಫಿಲಿಪಿನೋ ವೃದ್ಧರು, ತಮ್ಮ ದೇಶದಲ್ಲಿ ಮಿಲಿಟರಿ ಕಾನೂನು ಬರುವವರೆಗೆ ಮೇಯರ್ ಆಗಿದ್ದರಂತೆ. ಅಮೆರಿಕದಲ್ಲಿ ಆಶ್ರಯ ಸಿಗಲು, ಮೇಯರ್ ಆಗಿದ್ದುದು ನಿಜವೆನ್ನಲು ಒಬ್ಬ ಸಾಕ್ಷಿ ಬೇಕಿತ್ತು.

“ಪರದೇಶಕ್ಕ ಬಂದ ಮುದುಕರೆಲ್ಲಾ ಊರಾಗ ಗೌಡ್ರ ಆಗಿದ್ರು ನೋಡಪಾ,” ಎಂದ ಜೊತೆಗಿದ್ದ ಧಾರವಾಡದ ಡಾಕ್ಟರ್ ಗೆಳೆಯ. ನಾನೂ ನಕ್ಕಿರಬೇಕು.

ಅಷ್ಟರಲ್ಲಿ ಅವನ ಆಸ್ಪತ್ರೆಯ ಫಿಲಿಪಿನೋ ನರ್ಸ್ ಬಂದಳು. ವೃದ್ಧರನ್ನು ಕಂಡವಳೇ ಬಾಗಿ, ಅವರ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡಳು. “ನನ್ನ ಮದುವೆಗೆ ಧರ್ಮತಂದೆಯಾಗಿ ನಿಂತವರು ಇವರೇ. ನಮ್ಮಲ್ಲಿ ಅದಕ್ಕೆ ಊರಿನ ಮೇಯರನ್ನೇ ಕರೀತೀವಿ.”

ವೃದ್ಧರು ಸಾಕ್ಷಿಪತ್ರ ಚಾಚಿದರು.

“ಅಣ್ಣ ಅಲ್ಲೇ ಸೈನ್ಯದಲ್ಲಿದ್ದಾನೆ. ನಾನು ಸಹಿ ಹಾಕಿದ್ದು ಗೊತ್ತಾದರೆ ಅವನನ್ನು ಸುಮ್ಮನೆ ಬಿಡ್ತಾರಾ?” ಎಂದು ಅದನ್ನು ಮಡಿಚಿಕೊಂಡು ಬಸ್ ಹತ್ತಿದಳು.

ಮುಂದೆ ಅವಳನ್ನೇ ಕೇಳಿ ಖಚಿತಪಡಿಸಿಕೊಂಡೆ: ಮರುದಿನವೇ ಸಹಿ ಹಾಕಿ ಕಳಿಸಿದ್ದಳು.