ಮಿಸ್ರಿ ಡಬ್ಬಿಯೊಳಗಿನ ಕಬ್ಬು

ನಮ್ಮ ಮಗಳು ಎಂ.ಎಸ್ಸಿ. ಕೆಮಿಸ್ಟ್ರಿ. ಉಗಾರದ ಕಬ್ಬಿನ ಹಾಲಿನ ಅಂಗಡಿಯಿಂದ ಹಿಂಡಿದ ಸಿಪ್ಪೆ ಒಯ್ದು, ಕಾಲೇಜಿನ ಭಟ್ಟಿಯಲ್ಲಿ ಗಾಳಿ ತಾಗದಂತೆ ಸುಟ್ಟು, ತೊಳೆದು ಒಣಗಿಸಿ, ಕಾಡಿಗೆಯಂಥ ಕಾರ್ಬನ್ ಪುಡಿ ಮಾಡಿದ್ದಳು. ಹಾಳೆಗೆ ಬಳಿದು ಜೋಡಿಸಿದರೆ ಅದು ಕರೆಂಟು ಹಿಡಿದಿಟ್ಟುಕೊಳ್ಳುತ್ತದಂತೆ. ಚಿಕ್ಕೋಡಿಯ ಪ್ರದರ್ಶನದಲ್ಲಿ ಅದರಿಂದ ದೀಪ ಹಚ್ಚಿ ತೋರಿಸಬೇಕಿತ್ತು.

ಹಿಂದಿನ ದಿನ ಬೆಳಿಗ್ಗೆ ಚೀರಿದಳು. "ಮಮ್ಮಿ, ನನ್ನ ಪುಡಿ ಯಾರ ತಗೊಂಡ್ರು? ಅರ್ಧಾನೂ ಉಳದಿಲ್ಲ!"

ಪುಡಿ ಇಟ್ಟಿದ್ದು ಅಡಿಗೆಮನೆಯ ಮಾಡದಲ್ಲಿ, ಅವಳ ಆಯಿಯ, ಅಂದರೆ ನಮ್ಮತ್ತೆಯ, ಹಳೇ ಡಬ್ಬಿಯಲ್ಲಿ. ಅತ್ತೆಗೆ ಮಿಸ್ರಿಯ ಚಟ. ನಿಪ್ಪಾಣಿಯ ತಂಬಾಕು ಕರ್ರಗೆ ಹುರಿದು ಮಾಡಿದ ಪುಡಿ, ಬೆರಳಿನಿಂದ ಹಲ್ಲಿಗೆ ತಿಕ್ಕುವುದು. ದೀಪಾವಳಿಗೆ ಮೊಮ್ಮಗಳ ತಲೆ ಮುಟ್ಟಿ ಆಣೆ ಮಾಡಿ ಚಟ ಬಿಟ್ಟಿದ್ದರು. ಡಬ್ಬಿ ಖಾಲಿ ಬಿದ್ದಿತ್ತಲ್ಲ, ಮಗಳು ಕಾರ್ಬನ್ ತುಂಬಿಸಿದಳು.

ಅತ್ತೆ ಬಾಯಿಗೆ ಸೆರಗು ಹಿಡಿದೇ ಚಹಾ ಸೋಸುತ್ತಿದ್ದರು. ಸಕ್ಕರೆ ಡಬ್ಬಿಯ ಮುಚ್ಚಳದ ಮೇಲೆ ಒಂದು ಕರಿ ಬೆರಳಚ್ಚು.

ಸುಳ್ಳು ಹೇಳಬಾರದೆಂದು ನನಗೆ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು, ಸುಮ್ಮನಿರಬಾರದೆಂದು ಕಲಿಸಿರಲಿಲ್ಲ. ಮಗಳನ್ನು ಮೆಲ್ಲಗೆ ಕೇಳಿದೆ, "ಅದು ಅಕಸ್ಮಾತ್ ಯಾರದರ ಬಾಯಾಗ ಹೋದ್ರ?"

"ಚಲೋ ತೊಳದದ್ದೈತಿ, ಏನೂ ಆಗಂಗಿಲ್ಲ. ಯಾಕ?"

"ಸುಮ್ಮ ಕೇಳಿದೆ."

ಹಿತ್ತಲಿಗೆ ಹೋದರೆ ಅತ್ತೆ ಬೆನ್ನಿಗೇ ಬಂದರು. "ನೀನ ಕನಿಕರಾ ಮಾಡಿ ತುಂಬಿಸಿಟ್ಟೀ ಅನ್ಕೊಂಡಿದ್ನೆವಾ. ನಾಕ ದಿನಾ ತಿಕ್ಕೀನಿ, ತಲಿಗೆ ಏರವಲ್ತು. ಕಲಬೆರಕಿ ಮಾಲ ಕೊಟ್ಟಿ ಅಂತ ಅಂಗಡ್ಯಾವನ್ನ ಬೈದೂ ಬಂದೆ!"

"ಅಂಗಡಿಗೇ ಹೋಗಿ ಬೈದ್ರ್ಯಾ?"

"ಮತ್ತ! ಬಿಡ್ತೀನೇನ?"

ಒಳಗಿಂದ ಮಗಳು ಅಳುವುದು ಕೇಳಿಸಿತು. ಅತ್ತೆ ನೇರ ಒಳಗೆ ನಡೆದು, ಸೆರಗು ಸರಿಸಿ, ಮೊಮ್ಮಗಳ ಮುಂದೆ ಬಾಯಿ ತೆರೆದರು. ಒಸಡೆಲ್ಲ ಕರ್ರಗೆ.

"ಆಯೀ! ನನ್ನ ತಲಿ ಮುಟ್ಟಿದ್ದಿ!"

"ಮುಟ್ಟಿದ್ದೆ. ಅದಕ್ಕ ದೇವ್ರು ಡಬ್ಬ್ಯಾಗ ತಂಬಾಕದ ಬದಲಿ ಕಬ್ಬ ಇಟ್ಟಾನ."

ಅಳುತ್ತಿದ್ದವಳು ನಕ್ಕುಬಿಟ್ಟಳು. ಉಳಿದ ಪುಡಿಗೆ ತಕ್ಕಂತೆ ಹಾಳೆಗಳನ್ನು ಕತ್ತರಿಸಿ ಸಣ್ಣದು ಮಾಡಿದಳು. ಡಬ್ಬಿಯ ಮೂಲೆ ಮೂಲೆ ಕೆರೆದು ಪುಡಿ ಕೊಟ್ಟವರು ಅತ್ತೆಯೇ. ಆ ಡಬ್ಬಿ ಕೆರೆಯುವುದರಲ್ಲಿ ಅವರ ಕೈ ಪಳಗಿತ್ತು.

ಮರುದಿನ ಚಿಕ್ಕೋಡಿಯಲ್ಲಿ ಪುಟ್ಟ ಕೆಂಪು ದೀಪ ಹತ್ತಿತು. ಮಗಳು ನನ್ನ ಕೈ ಹಿಸುಕಿದಳು. ಅತ್ತೆ ಎಣಿಸುತ್ತ ನಿಂತರು. ಇಪ್ಪತ್ತಕ್ಕೆ ಆರಿತು.

"ಶಾಭಾಷ್! ಕಬ್ಬಿನ ಸಿಪ್ಪಿಲೇ ದೀಪಾ ಹಚ್ಚಿದಿ ನೋಡು," ಎಂದರು ಪರೀಕ್ಷಕರು. "ಪುಡಿ ಇನ್ನೊಂದೀಟು ಇದ್ದಿದ್ರ ಭಾಳ ಹೊತ್ತು ಉರೀತಿತ್ತು."

ಅತ್ತೆ ಥಟ್ಟನೆ ಸೆರಗನ್ನು ಬಾಯಿಗೆ ಹಿಡಿದರು.