ನಲವತ್ಮೂರನೆಯ ಸಾಲು

ಪ್ಯಾರಿಸ್ಸಿನ ಬೆಲ್‌ವಿಲ್ ಗುಡ್ಡಕ್ಕೆ ಇನ್ನೂ ಬೆಳಕು ಹರಿದಿಲ್ಲ. ಐದನೇ ಮಹಡಿಯ ಕೋಣೆಯಲ್ಲಿ ಲಿಯೊಂತೀನ್ ಗಾರಿಗ್ ಕಾಫಿಪುಡಿ ಮೂಸಿ ನೋಡುತ್ತಾಳೆ. "ಚಿಕೋರಿ ಜಾಸ್ತಿ ಬೆರೆಸಿದಾನೆ, ಕಳ್ಳ," ಎಂದು ಗೊಣಗಿ ಲಾಗರಿದಮ್ ಪುಸ್ತಕ ಬಿಚ್ಚುತ್ತಾಳೆ. ಐವತ್ತೆರಡರ ಈಕೆ ಯಾರನ್ನೂ ನಂಬುವವಳಲ್ಲ, ಅಂಕಿಗಳನ್ನಂತೂ ಮೊದಲೇ ಇಲ್ಲ. ಪ್ರತಿ ಗುಣಾಕಾರದ ಪಕ್ಕ ಕತ್ತರಿ ಗೆರೆ ಎಳೆದು, ಅಂಕಿಗಳನ್ನು ಕೂಡಿ, ಒಂಬತ್ತುಗಳನ್ನು ಕಳೆದು, ಉಳಿದದ್ದನ್ನು ಹೋಲಿಸುವ, ಶಾಲೆಯಲ್ಲಿ ಕಲಿತ ಒಂಬತ್ತರ ತಾಳೆ ನೋಡುತ್ತಾಳೆ. ಕೂಲಿಗೆ ಲೆಕ್ಕ ಹಾಕಿಕೊಡುವುದೇ ಕಸುಬು: ದಿನಕ್ಕೆ ನಾನೂರು ಸಾಲು, ಇಪ್ಪತ್ತಾರು ವರ್ಷದಿಂದ. ಗಂಡ ಮಹಾಯುದ್ಧದಿಂದ ಮರಳಲಿಲ್ಲ. ಒಂದು ಕಣ್ಣು ಮಂಜಾಗಿದೆ.

ಭೂಮಿಯಾಚೆ ಹಾರುವ ಸಂಶೋಧನೆಗೆ ಸಿರಿವಂತರೊಬ್ಬರು ಮೂರು ವರ್ಷದ ಹಿಂದೆ ಬಹುಮಾನ ಇಟ್ಟರು. ಸ್ಪರ್ಧೆಗೆ ಬಂದ ಪ್ರಬಂಧಗಳ ಲೆಕ್ಕ ಪರೀಕ್ಷಿಸುವುದು ಈಕೆಯೇ. ಕಳೆದ ಚಳಿಗಾಲ ಇಂಜಿನಿಯರ್ ವೊಕ್ಲೇರ್ ಅವರ ಇಂಧನ ಕೋಷ್ಟಕ ಪೂರ್ತಿ ತಪ್ಪಾಗಿತ್ತು. ಆ ಲೆಕ್ಕ ನಂಬಿದರೆ ರಾಕೆಟ್ಟು ಅರ್ಧ ದಾರಿಯಲ್ಲೇ ಬರಿದಾಗುತ್ತಿತ್ತು. ಹನ್ನೊಂದು ಬೆಳಗು ಕೂತು ಹೊಸ ಕೋಷ್ಟಕ ಮಾಡಿ ತೀರ್ಪುಗಾರರಿಗೆ ಕಳಿಸಿದಳು. ಬಹುಮಾನ ಯಾರಿಗೆ? ವೊಕ್ಲೇರ್‌ಗೆ. ಅಚ್ಚಾದ ಪ್ರಬಂಧದಲ್ಲಿ ಕೋಷ್ಟಕ ಸರಿಹೋಗಿದೆ. ಈಕೆಯ ಹೆಸರು ಅಡಿಟಿಪ್ಪಣಿಯಲ್ಲೂ ಇಲ್ಲ.

ಕೇಳಲು ಹೋದರೆ ಬಹುಮಾನ ಸಮಿತಿಯ ಕಾರ್ಯದರ್ಶಿ ಕುರ್ಚಿ ಬಿಟ್ಟೇಳಲಿಲ್ಲ. "ಅಲ್ಲಾ ಮದಾಮ್, ಅವರೇ ತಿದ್ದಿಕೊಂಡಿರಬಾರದಾ? ಸರಿ ಉತ್ತರ ಯಾರು ಹಾಕಿದ್ರೂ ಒಂದೇ. ಅದಕ್ಕೆ ವಾರಸುದಾರರು ಬೇರೆ ಇರ್ತಾರಾ?"

ಚಂದ್ರನಿಗೆ ಏಣಿ ಹಾಕುವ ಮಹನೀಯರಿಗೆ ಐದನೇ ಮಹಡಿಯ ಮೆಟ್ಟಿಲು ಕಾಣುವುದಿಲ್ಲ.

ಗುಮಾನಿ ಬಿಡಲಿಲ್ಲ. ಅಚ್ಚಾದ ಕೋಷ್ಟಕವನ್ನು ಮೊದಲಿನಿಂದ ಲೆಕ್ಕ ಹಾಕಿದಳು. ನಲವತ್ಮೂರನೆಯ ಸಾಲಿನಲ್ಲಿ 6385 ಇರಬೇಕಾದಲ್ಲಿ 6835 ಇದೆ. ತನ್ನ ಹಳೆಯ ಪ್ರತಿ ತೆಗೆದಳು. ಅಲ್ಲೂ 6835! ಕಚ್ಚಾ ಲೆಕ್ಕದಿಂದ ನಕಲು ಮಾಡುವಾಗ ತನ್ನ ಕೈಯೇ ಮೂರು, ಎಂಟನ್ನು ಅದಲುಬದಲು ಮಾಡಿದೆ. ಅಂಕಿ ಜಾಗ ಬದಲಿಸಿದರೂ ಮೊತ್ತ ಅದೇ, ಹಾಗಾಗಿ ಒಂಬತ್ತರ ತಾಳೆ ಸುಮ್ಮನಿತ್ತು.

"ಬಾಯ್ಮುಚ್ಕೊಂಡಿರು ಲಿಯೊಂತೀನ್," ಎನ್ನುತ್ತಾಳೆ ಕಟ್ಟಡದ ಬಾಗಿಲು ಕಾಯುವ ಮದಾಮ್ ಬಿಜುಆರ್. "ತಪ್ಪು ಮಾಡಿದೆ ಅಂತ ನೀನೇ ಡಂಗುರ ಹೊಡೆದ್ರೆ ನಾಳೆ ಯಾವ ಮಹಾರಾಯ ಕೆಲ್ಸ ಕೊಡ್ತಾನೆ?"

"ಕೊಡದಿದ್ರೆ ಬೇಡ. ನಿನ್ ಬಾಗಿಲು ಕಾಯ್ತೀನಿ, ನೀನಂತೂ ನಿದ್ದೆ ಹೊಡೀತೀಯ."

ಎರಡೂ ಹಾಳೆಗಳನ್ನು ಮೇಜಿನ ಮೇಲೆ ಹರಡಿ ಆಕೆ ನಮ್ಮ ಪತ್ರಿಕೆಗೆ ಹೇಳುವುದಿಷ್ಟು: "ಸರಿ ಅಂಕಿ ಎಲ್ರದ್ದಂತೆ, ಇರ್ಲಿ. ಈ ತಪ್ಪು ನಂದು. ಇದು ಅವ್ರ ಪುಸ್ತಕಕ್ಕೆ ಹೇಗೆ ಹೋಯ್ತು, ಹೇಳ್ಲಿ. ನನ್ ಹೆಸ್ರು ಹಾಕಿಯೇ ಬರೀರಿ."

ನಾವು ಬರೆದುಕೊಂಡ ಚೀಟಿಯನ್ನೂ ಆಕೆ ನಂಬುವುದಿಲ್ಲ. ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿಯುತ್ತಾಳೆ. ಈ ಸಲ ಕತ್ತರಿ ಗೆರೆ ಇಲ್ಲ. ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದುತ್ತಾಳೆ.

"ಹೂಂ. ತಪ್ಪನ್ನ ಸರಿಯಾಗಿ ಬರ್ಕೊಂಡಿದೀರಿ. ಅಚ್ಚು ಹಾಕಿ."